ಮುಂಜಾನಿ ಬಂದು ಸಂಜಿಗೆ ಹೋಗೋರು

ಚಳಿ ಶುರುವಾಯಿತೆಂದರೆ ನಮ್ಮ ಮನೆಗೆ ಒಂದೇ ಧಾಟಿಯ ಫೋನುಗಳು ಬರತೊಡಗುತ್ತವೆ. ಮಾತಾಡುವವರು ಬೇರೆ ಬೇರೆ, ಮಾತು ಮಾತ್ರ ಒಂದೇ. "ಬೀದರ್ ನೋಡೋಕೆ ಬರ್ತಿದ್ದೀವಿ. ಬೆಳಿಗ್ಗೆ ಬಂದು ಸಾಯಂಕಾಲದ ರೈಲಿಗೆ ವಾಪಸ್. ನಿಮಗೇನೂ ತೊಂದರೆ ಕೊಡಲ್ಲ." ಹಾಗೆ ಹೇಳಿದವರಲ್ಲಿ ತೊಂದರೆ ಕೊಡದೆ ಹೋದವರು ಇದುವರೆಗೆ ಯಾರೂ ಇಲ್ಲ, ಆ ಮಾತು ಬಿಡಿ. ನಾನು ಮೂಲತಃ ಭಾಲ್ಕಿಯವ, ನೌಕರಿಯ ನೆವದಿಂದ ಬೀದರಿನಲ್ಲಿ ಮನೆ ಮಾಡಿದವ. ಬೆಂಗಳೂರು-ಮೈಸೂರು ಕಡೆಯ ಬಳಗಕ್ಕೆಲ್ಲ ನಾನೇ ಈ ಊರಿನ ಪುಕ್ಕಟೆ ಗೈಡು.

ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವ ಸುದ್ದಿ ಪತ್ರಿಕೆಯಲ್ಲಿ ಓದುತ್ತಿರುತ್ತೇನೆ. ಮುಂಜಾನೆ ಇಳಿದವರು ಕದ್ರಿ, ಗೋಕರ್ಣನಾಥ, ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ, ಸಾಧ್ಯವಾದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಓಡಾಡಿ, ಕತ್ತಲಾಗುವುದರೊಳಗೆ ಮತ್ತೆ ಹಡಗು ಹತ್ತಬೇಕಂತೆ. ಸಮುದ್ರಕ್ಕೂ ನಮಗೂ ಎತ್ತಣಿಂದೆತ್ತಣ ಸಂಬಂಧ! ಎರಡು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ ಕೂತ ಊರು ಇದು. ಆದರೂ ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ಬೆಳಿಗ್ಗೆ ನಮ್ಮ ಸ್ಟೇಷನ್ನಿಗೆ ಬಂದು ನಿಂತು, ನಿದ್ದೆಗಣ್ಣಿನ ಜನ ಬ್ಯಾಗು, ನೀರಿನ ಬಾಟಲಿ, ಟೋಪಿ ಸಮೇತ ಇಳಿಯುವುದನ್ನು ಕಂಡಾಗ ಪಣಂಬೂರಿನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ನಮ್ಮ ಹಡಗಿಗೂ ಸಂಜೆ ಹೊರಡುವ ಗಡಿಬಿಡಿ.

ಹೋದ ವರ್ಷ ಇಳಿದವನು ನನ್ನ ಷಡ್ಡಕ. ಅವನೂ ಹುಟ್ಟಿದ್ದು ಈ ಸೀಮೆಯಲ್ಲೇ. ಮೈಸೂರಿಗೆ ಹೋಗಿ ನೆಲೆಸಿ, ಅಲ್ಲಿನ ಮಾತು, ಅಲ್ಲಿನ ಸಾರು, ಅಲ್ಲಿನ ಸಮಾಧಾನ ಮೂರನ್ನೂ ಕಲಿತವ. ಆದರೆ ಪ್ರವಾಸ ಹೊರಟಾಗ ಸಮಾಧಾನವೊಂದನ್ನು ಮೈಸೂರಿನಲ್ಲೇ ಬಿಟ್ಟು ಬರುತ್ತಾನೆ. ಸುಸಲಾ-ಮಿರ್ಚಿ ತಿನ್ನುತ್ತಲೇ ಮೊಬೈಲು ತೆಗೆದು ಪಟ್ಟಿ ತೋರಿಸಿದ. ಕೋಟೆ, ರಂಗೀನ್ ಮಹಲ್, ಸೋಲಾ ಖಂಬಾ, ಗವಾನನ ಮದರಸಾ, ಚೌಬಾರಾ, ಬಿದರಿ ಅಂಗಡಿ, ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ, ಬರೀದ್ ಶಾಹಿ ಗೋರಿಗಳು, ಅಷ್ಟೂರು, ಚೌಖಂಡಿ, ನೌಬಾದಿನ ಸುರಂಗ ಬಾವಿ. ಬೆರಳು ಜಾರಿಸಿದಷ್ಟೂ ಪಟ್ಟಿ ಮುಗಿಯಲೊಲ್ಲದು. ದಿನದ ಮಟ್ಟಿಗೆ ಹಿಡಿದ ಆಟೋದ ಚಾಚಾ ಅದನ್ನೊಮ್ಮೆ ಕೇಳಿಸಿಕೊಂಡು, "ಇಷ್ಟೆಲ್ಲಾ ಒಂದ ದಿನದಾಗ ನೋಡಬೇಕಂದ್ರ ಆಟೋದಿಂದ ಇಳೀಬಾರದ್ರಿ ಸಾಹೇಬ್ರ. ಕೂತಲ್ಲೇ ನೋಡ್ರಿ, ಕೂತಲ್ಲೇ ಫೋಟೋ ಹೊಡೀರಿ" ಎಂದ. ಷಡ್ಡಕ ನಕ್ಕ. ಚಾಚಾ ನಗಲಿಲ್ಲ.

ಮೊದಲು ಕೋಟೆ. ಬಹಮನಿ ಸುಲ್ತಾನ ಅಹ್ಮದ್ ಶಾಹ 15ನೇ ಶತಮಾನದ ಮೊದಲರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಕಟ್ಟಿಸಿದ್ದು. ಕಟ್ಟಿಸಿದ್ದು ಎನ್ನುವುದಕ್ಕಿಂತ ಕಡಿಸಿದ್ದು ಎನ್ನಬೇಕು. ಎಲ್ಲರೂ ಗೋಡೆ ನೋಡುತ್ತಾರೆ. ನೋಡಬೇಕಾದದ್ದು ಕಂದಕ. ಊರಿನ ಕಡೆಯ ಮಗ್ಗುಲಲ್ಲಿ ಅದು ಮೂರು ಪಟ್ಟು. ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಉಳಿಸಿ, ಉಳಿದದ್ದನ್ನೆಲ್ಲ ಉಳಿಯಿಂದ ಕಡಿದು ತೆಗೆದಿದ್ದಾರೆ. ತೋಡಿ ತೆಗೆದ ಕಲ್ಲೇ ಮೇಲಿನ ಗೋಡೆಗೆ ಆಯಿತು. ನಮ್ಮ ಜಂಬಿಟ್ಟಿಗೆ ಕಲ್ಲಿನ ಗುಣವೇ ಹಾಗೆ. ನೆಲದೊಳಗಿದ್ದಾಗ ಮಾತು ಕೇಳುತ್ತದೆ, ಗಾಳಿಬಿಸಿಲಿಗೆ ಬಂದ ಮೇಲೆ ಹಟ ಹಿಡಿಯುತ್ತದೆ. ಕಂದಕದ ಅಂಚಿನಲ್ಲಿ ನಿಂತು ನಾನು ಇದನ್ನೆಲ್ಲ ವಿವರಿಸಿ ಹಿಂತಿರುಗಿ ನೋಡುವಷ್ಟರಲ್ಲಿ ಷಡ್ಡಕ ಶರ್ಜಾ ದರವಾಜಾದ ಮುಂದೆ, ಮೇಲಿನ ಎರಡು ಕಲ್ಲಿನ ಹುಲಿಗಳ ಜತೆ ಸೆಲ್ಫಿ ತೆಗೆಯುತ್ತಿದ್ದ.

ರಂಗೀನ್ ಮಹಲಿಗೆ ಬೀಗ. ಅದು ಯಾವಾಗಲೂ ಇರುವುದೇ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಂಡರೆ ಕೀಲಿ ತರುತ್ತಾರೆ. ಕೇಳಬೇಕು ಎಂಬುದು ತಿಳಿಯದೆ ಎಷ್ಟೋ ಜನ ಬೀಗ ನೋಡಿಯೇ ವಾಪಸಾಗುತ್ತಾರೆ. ಹೊರಗಿನಿಂದ ನೋಡಿದರೆ ಅಂಥದ್ದೇನೂ ಅಲ್ಲದ ಕಟ್ಟಡ. ಒಳಗೆ ಹೊಕ್ಕು ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ಮನೆ ನಿಲ್ಲಬೇಕು. ಆಮೇಲೆ ಒಂದೊಂದಾಗಿ ಮರದ ಕಂಬಗಳ ಕೆತ್ತನೆ, ಗೋಡೆಯ ಹೆಂಚಿನ ಬಣ್ಣ, ಕೊನೆಗೆ ಒಳಕೋಣೆಯ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು ಮಿನುಗತೊಡಗುತ್ತವೆ. ಇದನ್ನು ಅಲಂಕರಿಸಿದವನು ಅಲಿ ಬರೀದ್, ಬಹಮನಿಗಳು ಮುಗಿದ ಮೇಲೆ ಬಂದ ಚಿಕ್ಕ ರಾಜ್ಯದ ದೊರೆ. ರಾಜ್ಯ ಸಣ್ಣದಾದಾಗ ಕೋಣೆಯೂ ಸಣ್ಣದಾಯಿತು, ಕೆಲಸ ಮಾತ್ರ ನಾಜೂಕಾಯಿತು. ನನ್ನನ್ನು ಕೇಳಿದರೆ ಇಡೀ ಕೋಟೆಯಲ್ಲಿ ಇದಕ್ಕೆ ಸಮನಾದ ಜಾಗವಿಲ್ಲ. ಆದರೆ ಕಣ್ಣು ಕತ್ತಲಿಗೆ ಹೊಂದುವ ಮೊದಲೇ ಷಡ್ಡಕನ ಮೊಬೈಲಿನ ಟಾರ್ಚು ಹೊತ್ತಿಕೊಂಡಿತ್ತು.

ಅವನ ಮಗ, ಐದನೇ ಇಯತ್ತೆಯ ಹುಡುಗ, ಸೋಲಾ ಖಂಬಾ ಮಸೀದಿಯ ಹೊರಗೆ ನಿಂತು ಕಂಬ ಎಣಿಸುತ್ತಿದ್ದ. ಹೆಸರಿನಲ್ಲಿ ಹದಿನಾರು, ಒಳಗೆ ಅದರ ಎಷ್ಟೋ ಪಟ್ಟು. ಮುಂದಿನ ಸಾಲು ಮಾತ್ರ ಕಾಣುತ್ತಿದ್ದ ಕಾಲದಲ್ಲಿ ಇಟ್ಟ ಹೆಸರು. ಹುಡುಗ ನಲವತ್ತರ ಮೇಲೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ಆ ದಿನ ಬೀದರನ್ನು ಸರಿಯಾಗಿ ನೋಡಿದವನು ಅವನೊಬ್ಬನೇ ಎನ್ನಬಹುದು. ತಲೆಯ ಮೇಲೆ ವಾಯುಪಡೆಯ ವಿಮಾನಗಳು ಗುಂಪಾಗಿ ಹಾರಿಹೋದವು. ಸೂರ್ಯಕಿರಣ್ ತಂಡದ ಮನೆ ಬೀದರೇ. ನಮಗೆ ಆ ಸದ್ದು ಕಾಗೆ ಕೂಗಿದಷ್ಟೇ ಸಹಜ. ಅಪ್ಪ ಅತ್ತ ಕ್ಯಾಮೆರಾ ತಿರುಗಿಸಿದ, ಮಗ ಕಂಬ ಬಿಟ್ಟು ಮೇಲೆ ನೋಡಲಿಲ್ಲ.

ಚೌಬಾರಾದ ದುಂಡನೆಯ ಕಾವಲು ಗೋಪುರದ ಸುತ್ತ ಒಂದು ಸುತ್ತು ಹೊಡೆದು ಬಿದರಿ ಅಂಗಡಿಗೆ ಹೋದೆವು. ಅಂಗಡಿಯಲ್ಲಿ ಬೆಲೆ ಕೇಳುವುದು ಸುಲಭ. ಹಿಂದಿನ ಕೋಣೆಯಲ್ಲಿ ಕೂತು ಕೆಲಸ ನೋಡುವುದಕ್ಕೆ ತಾಳ್ಮೆ ಬೇಕು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಒರಟು ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಕೈಯಿಂದಲೇ ಬಳ್ಳಿ ಬರೆದು, ಉಳಿಯಿಂದ ಸಣ್ಣ ಕಾಲುವೆ ತೋಡಿ, ಅದರೊಳಗೆ ಬೆಳ್ಳಿಯ ತಂತಿ ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಉಜ್ಜಿದರೆ ಎಲ್ಲವೂ ಒಂದೇ ಬಣ್ಣ, ಬೆಳ್ಳಿ ಎಲ್ಲಿ ಸತು ಎಲ್ಲಿ ತಿಳಿಯದು. ಆಗ ಬರುವುದು ಕೋಟೆಯ ಮಣ್ಣು. ವರ್ಷಾನುಗಟ್ಟಲೆ ಬಿಸಿಲು-ಮಳೆ ಕಾಣದ ಹಳೆಯ ಕಟ್ಟಡದ ಮೂಲೆಯ ಮಣ್ಣೇ ಆಗಬೇಕು. ಪಳಗಿದ ಕಾರಿಗರ ಅದನ್ನು ನಾಲಗೆಗೆ ಹಚ್ಚಿ ನೋಡಿ ಆಗುತ್ತದೆ, ಆಗುವುದಿಲ್ಲ ಎಂದು ಹೇಳುತ್ತಾನೆ. ಆ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಬಿಸಿ ಮಾಡಿ ತೆಗೆದಾಗ ಸತು ಕರ್ರಗಾಗಿ, ಬೆಳ್ಳಿ ಬೆಳ್ಳಗೇ ಉಳಿದಿರುತ್ತದೆ. ಅದೊಂದು ಗಳಿಗೆಯ ಮಾತು. ನೂರು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರಿಗೆ ಊರೇ ತನ್ನ ಮನೆಗೆ ಬಂದಂತೆ ಸಂಭ್ರಮಿಸಿತು. ಷಡ್ಡಕ ಒಂದು ಕೀಚೈನು ಕೊಂಡ.

ಮಹ್ಮೂದ್ ಗವಾನನ ಮದರಸಾದ ಮುಂದೆ ನಾನು ಸ್ವಲ್ಪ ಹಟ ಮಾಡಿ ಎಲ್ಲರನ್ನೂ ಕೂಡಿಸಿದೆ. ಕಾರಣವಿತ್ತು. ಈ ಕಟ್ಟಡ ಕಟ್ಟಿಸಿದವನು ಹಡಗಿನಲ್ಲಿ ಬಂದವನು. ಇರಾನಿನ ಗೀಲಾನಿನ ವ್ಯಾಪಾರಿ, ದಾಭೋಳ ಬಂದರಿನಲ್ಲಿ ಇಳಿದು, ಸರಕಿನೊಂದಿಗೆ ಬೀದರಿಗೆ ಬಂದ. ಇಲ್ಲಿನ ಒಬ್ಬ ಸೂಫಿ ಸಂತರ ದರ್ಶನ ಮಾಡಿ ಮುಂದೆ ದಿಲ್ಲಿಗೆ ಹೋಗುವ ವಿಚಾರ. ನಡುದಾರಿಯ ನಿಲುಗಡೆ, ಅಷ್ಟೇ. ಸುಲ್ತಾನ ಹೋಗಗೊಡಲಿಲ್ಲ. ಬಂದವನು ಇಲ್ಲೇ ನಿಂತು, ದರಬಾರಿನಲ್ಲಿ ಏರಿ, ಇಡೀ ರಾಜ್ಯದ ವಜೀರನಾದ. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯ ಎದ್ದಿತು. ಪಾಠದ ಕೋಣೆಗಳು, ಮಸೀದಿ, ವಿದ್ಯಾರ್ಥಿಗಳಿಗೆ ವಸತಿ, ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳುವ ಭಂಡಾರ. ಮುಂಭಾಗಕ್ಕೆಲ್ಲ ನೀಲಿ, ಹಸಿರು, ಹಳದಿ ಹೆಂಚು. 1481ರಲ್ಲಿ ಅವನ ಮೊಹರು ಒತ್ತಿದ ಖೊಟ್ಟಿ ಪತ್ರವೊಂದನ್ನು ವಿರೋಧಿಗಳು ಸೃಷ್ಟಿಸಿದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯೂ ಇಲ್ಲದೆ ಆ ಮುದುಕನ ತಲೆ ತೆಗೆಸಿದ. ಆಮೇಲೆ ಮನೆ ಶೋಧಿಸಿದರೆ ಹೇಳಿಕೊಳ್ಳುವಂಥ ಹಣವೇ ಇರಲಿಲ್ಲ. ಒಂದು ವರ್ಷದೊಳಗೆ ಸುಲ್ತಾನನೂ ಹೋದ, ಅವನ ಹಿಂದೆಯೇ ರಾಜ್ಯ ಒಡೆಯತೊಡಗಿತು. ಔರಂಗಜೇಬನ ಕಾಲದಲ್ಲಿ ಮದರಸಾ ಸಿಡಿಮದ್ದಿನ ಗೋದಾಮಾಯಿತು. 1696ರಲ್ಲಿ ಅದು ಸಿಡಿದು ಮುಂಭಾಗದ ಅರ್ಧ, ಒಂದು ಮಿನಾರು ನೆಲಕ್ಕೆ ಬಿದ್ದವು. ಉಳಿದ ಮಿನಾರಿನ ಮೈಮೇಲೆ ಅಂಕುಡೊಂಕಿನ ಪಟ್ಟಿಗಳಲ್ಲಿ ಆ ಹೆಂಚು ಇನ್ನೂ ಅಂಟಿಕೊಂಡಿದೆ.

ಗವಾನ್ ವಜೀರನಾಗಿದ್ದ ವರ್ಷಗಳಲ್ಲೇ ಇನ್ನೊಬ್ಬನೂ ಸಮುದ್ರ ದಾಟಿ ಬಂದಿದ್ದ. ರಷ್ಯಾದ ತ್ವೇರ್ ಪಟ್ಟಣದ ಅಫಾನಾಸಿ ನಿಕಿತಿನ್. ಹೊರ್ಮುಜಿನಿಂದ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಅಲ್ಲಿನ ಖಾನ ಆ ಕುದುರೆಯನ್ನೇ ಕಸಿದುಕೊಂಡು, ಮತ ಬದಲಿಸಿದರೆ ಕೊಡುವೆ ಎಂದು ಪೀಡಿಸಿದ. ಹೇಗೋ ಬಿಡಿಸಿಕೊಂಡು ಬೀದರಿನವರೆಗೆ ನಡೆಸಿಕೊಂಡು ಬಂದ. ಕುದುರೆ ಕೂಡಲೇ ಮಾರಾಟವಾಗಲಿಲ್ಲ. ಕಾಯುತ್ತ ಕೂತ. ಕಾಯುತ್ತ ಇಲ್ಲಿನ ಹಿಂದೂ ಮನೆಗಳ ಜತೆ ಬಳಕೆ ಬೆಳೆಯಿತು. ತಾನು ಕ್ರಿಸ್ತನ ಮತದವನೆಂದು ಹೇಳಿದ ಮೇಲೆ ಅವರೂ ತಮ್ಮ ಊಟ, ಪೂಜೆ, ಪದ್ಧತಿ ಯಾವುದನ್ನೂ ಮುಚ್ಚಿಡಲಿಲ್ಲ. ಅವರ ಜತೆಯೇ ಶ್ರೀಶೈಲದ ಜಾತ್ರೆಗೂ ಹೋಗಿ ಬಂದ. ಸುಲ್ತಾನನ ಅರಮನೆಯ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲಿನವರು ಮತ್ತು ಒಳಬರುವವರ ಹೆಸರು ಬರೆದುಕೊಳ್ಳುವ ನೂರು ಕರಣಿಕರು, ರಾತ್ರಿ ಪಂಜು ಹಿಡಿದು ಊರು ಕಾಯುವ ಸವಾರರು, ಎಲ್ಲವನ್ನೂ ಬರೆದಿಟ್ಟ. ಊರು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ, ಬರಹ ಮಾತ್ರ ಊರು ಮುಟ್ಟಿತು. ಕುದುರೆ ಬಂದ ದಿನವೇ ಒಳ್ಳೆಯ ಬೆಲೆಗೆ ಹೋಗಿದ್ದರೆ ಬೀದರಿನ ಬಗ್ಗೆ ಅವನು ನಾಲ್ಕು ಸಾಲೂ ಬರೆಯುತ್ತಿರಲಿಲ್ಲವೇನೋ.

ನಾನು ಷಡ್ಡಕನಿಗೆ ಹೇಳಬೇಕೆಂದಿದ್ದದ್ದು ಇಷ್ಟೇ. ಬೀದರನ್ನು ಬೀದರ್ ಮಾಡಿದವರಲ್ಲಿ ಬಹಳ ಜನ ಇಲ್ಲಿ ಸ್ವಲ್ಪ ಹೊತ್ತು ನಿಂತು ಹೋಗಲು ಬಂದವರೇ. ಆದರೆ ಅವರ ಕಿಸೆಯಲ್ಲಿ ವಾಪಸಿನ ಟಿಕೆಟ್ ಇರಲಿಲ್ಲ. "ಭಾವ, ಊಟಕ್ಕೆ ಟೈಮಾಯ್ತು" ಎಂದ ಅವನು.

ಊಟ ನಾನಕ್ ಝೀರಾದ ಲಂಗರಿನಲ್ಲಿ. 16ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಸಂಚಾರದಲ್ಲಿದ್ದ ಗುರು ನಾನಕರು ಇಲ್ಲಿ ತಂಗಿದಾಗ ಜನರ ನೀರಿನ ಬವಣೆ ಕಂಡು ಕಲ್ಲು ಸರಿಸಿದರು, ಬುಗ್ಗೆ ಚಿಮ್ಮಿತು ಎಂಬ ನಂಬಿಕೆ. ಆ ಝರಿ ಇಂದಿಗೂ ಹರಿಯುತ್ತಿದೆ. 1699ರಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರೆಂಬುದನ್ನು ಪಂಜಾಬಿನಿಂದ ಬಂದ ಯಾತ್ರಿಕರು ನಮಗೆ ನೆನಪಿಸುತ್ತಾರೆ. ನಾವೇ ಅವರಿಗೆ ಹೇಳಬೇಕಾಗಿತ್ತು. ನೆಲದ ಮೇಲೆ ಸಾಲಾಗಿ ಕೂತು ಉಂಡ ದಾಲು-ರೊಟ್ಟಿಯ ಮುಂದೆ ಷಡ್ಡಕನ ಗಡಿಬಿಡಿ ಅರ್ಧ ತಾಸು ಅಡಗಿತು. ನರಸಿಂಹ ಝರಣಿಯ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ, ತಲೆಯ ಮೇಲೆ ಬಾವಲಿ ತೂಗುತ್ತಿರಲು ನಡೆದು ಹೋಗಬೇಕೆಂದು ಕೇಳಿದ ಕೂಡಲೆ ಅವನ ಹೆಂಡತಿ ಆ ಹೆಸರನ್ನು ಪಟ್ಟಿಯಿಂದ ಹೊಡೆದಳು. ಪಾಪನಾಶವನ್ನು ಆಟೋದಿಂದಲೇ ಕೈಮುಗಿದದ್ದಾಯಿತು. ಚಾಚಾನ ಮಾತು ನಿಜವಾಗುತ್ತ ಬಂತು.

ಮಧ್ಯಾಹ್ನದ ಇಳಿಬಿಸಿಲಿಗೆ ಅಷ್ಟೂರು. ಬಹಮನಿ ಸುಲ್ತಾನರ ಗುಮ್ಮಟಗಳು ಹೊಲದ ನಡುವೆ ಸಾಲಾಗಿ ನಿಂತಿವೆ. ಕ್ರೂರಿಯೆಂದು ಹೆಸರಾದ ಹುಮಾಯೂನನ ಗುಮ್ಮಟ ಸಿಡಿಲಿಗೆ ಅರ್ಧ ಸೀಳಿಹೋಗಿ, ಅಷ್ಟು ದೊಡ್ಡ ಗುಮ್ಮಟವನ್ನು ಹೇಗೆ ಕಟ್ಟುತ್ತಿದ್ದರೆಂಬ ಪಾಠವನ್ನು ಬಯಲಿಗಿಟ್ಟಿದೆ. ಸಿಡಿಲು ಸರಿಯಾದ ವಿಳಾಸಕ್ಕೇ ಬಂತು ಎನ್ನುತ್ತಾರೆ ಊರವರು. ಅಹ್ಮದ್ ಶಾಹ ವಲಿಯ ಗೋರಿಯೊಳಗೆ ಕತ್ತಲು. ನೋಡಿಕೊಳ್ಳುವವರು ಬಾಗಿಲ ಬಿಸಿಲಿಗೆ ಕನ್ನಡಿ ಹಿಡಿದು ಬೆಳಕನ್ನು ಒಳಗೆ ತಿರುಗಿಸಿದರೆ ಮೇಲ್ಛಾವಣಿಯ ಕೆಂಪು, ನೀಲಿ, ಬಂಗಾರದ ಬರಹ ತುಂಡುತುಂಡಾಗಿ ಎದ್ದು ಬರುತ್ತದೆ. ಅರೇಬಿಕ್ ಅಕ್ಷರಗಳ ಆ ಛಾವಣಿಯ ಕೆಳಗೆ ಪ್ರತಿವರ್ಷ ನಡೆಯುವ ಜಾತ್ರೆಗೆ ದಿನ ನಿಗದಿಯಾಗುವುದು ಹಿಂದೂ ಪಂಚಾಂಗದಿಂದ. ಕಲಬುರಗಿ ಸೀಮೆಯಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದು ಶಂಖ ಊದಿ ತೆಂಗಿನಕಾಯಿ ಒಡೆಯುತ್ತಾರೆ. ಅಹ್ಮದ್ ಶಾಹ ಇಲ್ಲಿನ ಮುಸ್ಲಿಮರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ, ಸೌಹಾರ್ದದ ಭಾಷಣ ಮಾಡಿ ನಡೆಸುತ್ತಿರುವುದೂ ಅಲ್ಲ. ಆ ಜಾತ್ರೆಯ ದಿನ ಬಂದವರಿಗೆ ಅಷ್ಟೂರು ಊರಾಗಿ ಕಾಣುತ್ತದೆ, ಬೇರೆ ದಿನ ಬಂದವರಿಗೆ ಬರೀ ಗೋರಿಯಾಗಿ.

ನೌಬಾದಿನ ಸುರಂಗ ಬಾವಿ, ಬರೀದ್ ಶಾಹಿ ಗೋರಿಗಳು ಉಳಿದೇ ಹೋದವು. ಸ್ಟೇಷನ್ನಿನಲ್ಲಿ ಷಡ್ಡಕ ಖುಷಿಯಲ್ಲಿದ್ದ. "ಭಾವ, ಅಂತೂ ಬೀದರ್ ಮುಗೀತು" ಎಂದ. ಸೀತಾಫಲದ ಬುಟ್ಟಿಯನ್ನು ಮಗನ ಕೈಗೆ ಕೊಟ್ಟು ನಾನು ಸುಮ್ಮನಾದೆ.

ಮುಗಿಯಿತು ಎಂದವನಿಗೆ ತನ್ನ ಅಜ್ಜಿಯ ಊರು ಇರುವ ಔರಾದ ತಾಲೂಕು ನೆನಪಾಗಲಿಲ್ಲ ಎಂಬುದೇ ನನಗೆ ಚುಚ್ಚಿದ್ದು. ಬೀದರಿನಿಂದ ಭಾಲ್ಕಿಗೂ ಔರಾದಿಗೂ ತಲಾ 40 ಕಿ.ಮೀ. ಆಸುಪಾಸು. ಎರಡೂ ಕಡೆ ಟಿಕೆಟ್ ಕೊಟ್ಟು ನೋಡುವಂಥದ್ದು ಕಡಿಮೆ, ಒಪ್ಪುತ್ತೇನೆ. ಭಾಲ್ಕಿಯ ಹಳೆಯ ಕೋಟೆಯನ್ನು ಬೀದರಿನ ಕೋಟೆಯ ಮಗ್ಗುಲಿಗಿಟ್ಟರೆ ಅದು ನಾಚಿಕೊಳ್ಳಬೇಕು. ಆದರೆ ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರಲ್ಲ, ಆ ಕೆಲಸ ಯಾವ ಕಂದಕಕ್ಕೂ ಕಡಿಮೆಯದಲ್ಲ. ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎದ್ದದ್ದೂ ಅವರ ಹಟದಿಂದಲೇ. ಈ ಗಡಿಯಲ್ಲಿ ನಾನು ಕನ್ನಡದಲ್ಲಿ ಪ್ರಬಂಧ ಬರೆಯುತ್ತಿದ್ದೇನೆಂದರೆ ಆ ಋಣ ದೊಡ್ಡದು.

ಔರಾದಿನಲ್ಲಿ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಲ್ಲಿನ ಕಿರಾಣಿ ಅಂಗಡಿಯವ ಗಿರಾಕಿಯ ಮುಖ ನೋಡಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ, ಲೆಕ್ಕದಲ್ಲಿ ಮಾತ್ರ ಯಾವ ಭಾಷೆಯಲ್ಲೂ ರಿಯಾಯಿತಿ ಇಲ್ಲ. ಅಮರೇಶ್ವರ ಜಾತ್ರೆಯ ದನದ ಸಂತೆಯಲ್ಲಿ ದೇವಣಿ ಹೋರಿಗಳು ಜೋಲುಗಿವಿ ಅಲ್ಲಾಡಿಸುತ್ತ ನಿಂತಿರುವಾಗ, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವ ಮುದುಕರನ್ನು ನೋಡುತ್ತ ಒಂದು ಇಡೀ ದಿನ ಕಳೆಯಬಹುದು. ಇದನ್ನು ಯಾವ ಮೊಬೈಲು ಪಟ್ಟಿಯೂ ಹೇಳುವುದಿಲ್ಲ.

ಹಾಗಂತ ಒಂದು ದಿನಕ್ಕೆ ಬರುವವರನ್ನು ಬರಬೇಡಿ ಎನ್ನಲಾರೆ. ರಜೆ ಎಲ್ಲರಿಗೂ ಕೈತುಂಬ ಸಿಗುವುದಿಲ್ಲ. ಬನ್ನಿ, ಆದರೆ ಪಟ್ಟಿ ಕತ್ತರಿಸಿ ಬನ್ನಿ. ಬೆಳಿಗ್ಗೆ ಕೋಟೆ, ರಂಗೀನ್ ಮಹಲಿನ ಬೀಗ ತೆಗೆಸಿ, ಟಾರ್ಚು ಹಾಕಬೇಡಿ. ಬಿಸಿಲು ಏರಿದಾಗ ಬಿದರಿ ಕಾರ್ಖಾನೆಯ ಹಿಂದಿನ ಕೋಣೆ. ಸಂಜೆಗೆ ಅಷ್ಟೂರು. ಉಳಿದದ್ದು ಆರುನೂರು ವರ್ಷದಿಂದ ಇದೆ, ಮುಂದಿನ ಸಲಕ್ಕೂ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಬರಬೇಡಿ, ಆ ಬಿಸಿಲಿಗೆ ನಾವೇ ಹೊರಗೆ ಬರುವುದಿಲ್ಲ.

ಇನ್ನೂ ಒಳ್ಳೆಯದೆಂದರೆ ಎಳ್ಳ ಅಮಾವಾಸ್ಯೆಗೆ ಬನ್ನಿ. ಆ ದಿನ ಬೀದರ್ ಪೇಟೆಯಲ್ಲಿ ಅಂಗಡಿ ತೆರೆದಿರುವುದು ಅಪರೂಪ, ಆಟೋ ಸಿಗುವುದೂ ಕಷ್ಟ. ಇಡೀ ಊರು ಭಾಲ್ಕಿ, ಔರಾದ, ಹುಮನಾಬಾದಿನ ಹೊಲಗಳಲ್ಲಿ ಇರುತ್ತದೆ. ಜೋಳದ ದಂಟಿನ ಗುಡಿಸಲಿನ ಮುಂದೆ ಪೂಜೆಯಾದ ಮೇಲೆ ಸಜ್ಜೆ ರೊಟ್ಟಿ, ಹಸಿ ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ. ಸ್ವಂತ ಹೊಲ ಇಲ್ಲದವರನ್ನೂ, ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ "ಬರ್ರಿ, ಉಂಡ ಹೋಗ್ರಿ" ಎಂದು ಕರೆಯುವ ರೂಢಿ ಇದೆ. ಆ ಭಜ್ಜಿ ಉಂಡ ಮೇಲೆ ಗಿಡದ ನೆರಳಿನಲ್ಲಿ ಬರುವ ನಿದ್ದೆ ಹೊತ್ತು ಮುಳುಗುವ ತನಕ ಬಿಡುವುದಿಲ್ಲ. ಆದ್ದರಿಂದ ದಯವಿಟ್ಟು ವಾಪಸಿನ ಟಿಕೆಟನ್ನು ಮರುದಿನಕ್ಕೆ ತೆಗೆಸಿ.